ವಾಡಿಯಲ್ಲಿ ನಿಂತೇ ಇರುವ ರೈಲು

ಭೀಮಶಾ ಸರ್ ಯಾವ ಯಂತ್ರದ ಮುಂದೆ ಬಂದರೂ ಮೊದಲು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಆಮೇಲೆ ಅದೇ ಮಾತು: "ರೋಗ ಎಷ್ಟೊತ್ತಿಗೊಮ್ಮೆ ಬರತದ? ಬಂದ್ರ ಎಷ್ಟೊತ್ತು ಇರತದ?" ಉತ್ತರ ಸಿಗುವವರೆಗೆ ಕೈ ಬಿಚ್ಚುತ್ತಿರಲಿಲ್ಲ. ಕಾಲುಗಳಿಗೆ ಮಾತ್ರ ಈ ಕಟ್ಟುಪಾಡು ಇರಲಿಲ್ಲ; ಟೇಬಲ್ಲಿನ ಸುತ್ತ ಗಾಣದ ಎತ್ತಿನಂತೆ ತಿರುಗುತ್ತಲೇ ಇರುತ್ತಿದ್ದರು. ಅವರು ಕುಂತದ್ದನ್ನು ನಾನು ಕಂಡದ್ದು ಒಂದೇ ಸಲ.

ವಾಡಿಯ ಸಿಮೆಂಟ್ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗಕ್ಕೆ ಅವರು ಮುಖ್ಯಸ್ಥರು. ನಾನು ಚಿತ್ತಾಪುರದಿಂದ ದಿನಾ ಬಸ್ಸಿಗೆ ಬಂದುಹೋಗುವ, ಅವರ ಕೈಕೆಳಗಿನ ಇಂಜಿನಿಯರ್. ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದು ಮತ್ತೊಮ್ಮೆ ಜಗ್ಗಿ ನೋಡುವ ಪೈಕಿ. ಅಂಥವನ ಕೈಗೆ ಅವರು ವೇವ್‌ಫಾರ್ಮ್ ರೆಕಾರ್ಡರ್ ಕೊಟ್ಟರು. ಕರೆಂಟಿನ ಏರಿಳಿತವನ್ನು ಅಲೆಯಾಗಿ ಬರೆದಿಡುವ ಪೆಟ್ಟಿಗೆ ಅದು. ಪರದೆಯಲ್ಲಿ ಎಷ್ಟು ಹೊತ್ತಿನ ಕಥೆ ಕಾಣಬೇಕು ಎಂಬುದು ಟೈಮ್‌ಬೇಸ್. ಸೆಕೆಂಡಿಗೆ ಎಷ್ಟು ಸಲ ಕಣ್ಣು ತೆರೆದು ನೋಡಬೇಕು ಎಂಬುದು ಸ್ಯಾಂಪ್ಲಿಂಗ್ ರೇಟ್.

ದೊಡ್ಡ ಫ್ಯಾನಿನ ಮೋಟಾರೊಂದು ಕಾರಣವಿಲ್ಲದೆ ನಿಲ್ಲುತ್ತಿತ್ತು. ಏನೂ ತಪ್ಪಿಹೋಗಬಾರದೆಂದು ನಾನು ಸ್ಯಾಂಪ್ಲಿಂಗ್ ರೇಟನ್ನು ತುದಿಗೇರಿಸಿ ಚಹಾಕ್ಕೆ ಹೋದೆ. ಕಪ್ಪು ಖಾಲಿಯಾಗುವುದರೊಳಗೆ ಪೆಟ್ಟಿಗೆಯ ಮೆಮೊರಿ ತುಂಬಿತ್ತು. ಮೋಟಾರು ನಿಂತದ್ದು ಮಧ್ಯಾಹ್ನ.

"ನೊಣದ ರೆಕ್ಕಿ ಎಣಿಸ್ಕೋತ ಕುಂತಿ. ಎಮ್ಮಿ ಹೋಗಿದ್ದು ನೋಡ್ಲಿಲ್ಲ ನೀ," ಎಂದರು ಸರ್.

ಮರುದಿನ ಹೆದರಿ ರೇಟನ್ನು ಪೂರಾ ಇಳಿಸಿಬಿಟ್ಟೆ. ಪರದೆಯ ಮೇಲೆ ಅಲೆ ಆಕಳಿಸುತ್ತ ಏಳುತ್ತಿತ್ತು, ಆಕಳಿಸುತ್ತ ಮಲಗುತ್ತಿತ್ತು. ಓಡಿದೆ.

"ಸರ್, ಸಪ್ಲೈ ಸಾಯಾಕತ್ತದ್ರಿ!"

ಅವರು ಬಂದರು, ಕೈ ಕಟ್ಟಿದರು, ಒಂದು ಸುತ್ತು ಹಾಕಿದರು, ನಕ್ಕರು. ಸೆಕೆಂಡಿಗೆ ಐವತ್ತು ಸಲ ಏರಿಳಿಯುವ ಕರೆಂಟನ್ನು ನನ್ನ ಪೆಟ್ಟಿಗೆ ಹೆಚ್ಚುಕಡಿಮೆ ಅಷ್ಟೇ ಸಲ ಕಣ್ಣು ತೆರೆದು ನೋಡುತ್ತಿತ್ತು.

"ಕರೆಂಟ್ ಛಲೋನೇ ಅದ ತಮ್ಮಾ. ನೀ ನೋಡೋ ವ್ಯಾಳೆ ತಪ್ಪ್ಯಾದ. ದಿನಾ ಮುಂಜಾನಿ ಒಂದೇ ಟೈಮಿಗಿ ವಾಡಿ ಸ್ಟೇಷನ್ನಿಗಿ ಹೋಗು. ಅದೇ ರೈಲು ನಿಂತಿರತದ. ಹಂಗಂತ ಅದು ಎಂದೂ ಹೋಗೇ ಇಲ್ಲ ಅಂತೀಯೇನು? ನಡುವ ಅದು ಎಲ್ಲೆಲ್ಲಿ ತಿರುಗಿ ಬಂತೋ ನಿನಗೇನ್ ಗೊತ್ತು?"

ಆಮೇಲೆ ಕೈ ಬಿಚ್ಚಿದರು. ಇಡೀ ಪಾಳಿ ಕಾಣುವಷ್ಟು ಟೈಮ್‌ಬೇಸ್ ಅಗಲಿಸಿ, ಒಂದೊಂದು ಅಲೆಯೂ ಅಲೆಯಾಗಿಯೇ ಕಾಣುವಷ್ಟು ರೇಟ್ ಇಟ್ಟರು. ಸಂಜೆಯೊಳಗೆ ಕಳ್ಳ ಸಿಕ್ಕ: ಕಲ್ಲು ಪುಡಿಮಾಡುವ ಕ್ರಷರ್ ಶುರುವಾದಾಗಲೆಲ್ಲ ಓಲ್ಟೇಜ್ ಕುಸಿದು ಫ್ಯಾನು ನಿಲ್ಲುತ್ತಿತ್ತು.

ನಿವೃತ್ತಿಗೆ ಸ್ವಲ್ಪ ಮುಂಚೆ ಒಂದು ದಿನ ಸರ್ ಸುತ್ತುವುದನ್ನು ನಡುವೆಯೇ ನಿಲ್ಲಿಸಿ ಟೇಬಲ್ ಹಿಡಿದುಕೊಂಡರು. ಮುಖ ಬಿಳಿಚಿಕೊಂಡಿತ್ತು. "ಏನಿಲ್ಲ, ಜರಾ ಚಕ್ಕರ್ ಬಂತು." ಶಹಾಬಾದಿನಲ್ಲಿ ಇ.ಸಿ.ಜಿ. ಮಾಡಿಸಿ ಬಂದು ಚೀಟಿಯನ್ನು ನನ್ನ ಮೂಗಿಗೆ ಹಿಡಿದರು. "ನೋಡು, ನಾರ್ಮಲ್. ಇನ್ನಾದ್ರ ಫಿಕರ್ ಬಿಡು."

ಚಿಂತೆ ಬಿಡಲಾಗಲಿಲ್ಲ. ಮೇಲಧಿಕಾರಿಯಾದ ಅವರಿಗೆ ಹೇಗೆ ಹೇಳುವುದೆಂದು ಬಸ್ಸಿನ ದಾರಿಯುದ್ದಕ್ಕೂ ಗೊಣಗಿಕೊಂಡು ಹೋದವನು, ಅವರೆದುರು ನಿಂತಾಗ ಎಲ್ಲ ಮರೆತು ಕೈಗಳನ್ನು ಬೆನ್ನ ಹಿಂದೆ ಕಟ್ಟಿದೆ.

"ಸರ್, ರೋಗ ಎಷ್ಟೊತ್ತಿಗೊಮ್ಮೆ ಬರತದ್ರಿ?"

ದುರುಗುಟ್ಟಿ ನೋಡಿದರು. "ವಾರದಾಗ ಒಮ್ಮೆ. ಯಾಕ?"

"ಚೀಟಿ ಎಷ್ಟೊತ್ತಿಂದ್ರಿ?"

"ಹತ್ತು ಸೆಕೆಂಡ್..." ಎಂದವರು ಅಲ್ಲಿಗೇ ನಿಂತರು. ಕುರ್ಚಿ ಎಳೆದುಕೊಂಡು ಕುಂತರು. ನನಗೆ ಭಯವಾಯಿತು. "ಭಾಳ ಶಾಣ್ಯಾ ಆಗೀದಿ ಮಗನ," ಎಂದರು.

ಕಲಬುರಗಿಯ ಡಾಕ್ಟರು ಎದೆಗೊಂದು ಪುಟ್ಟ ರೆಕಾರ್ಡರ್ ಅಂಟಿಸಿದರು. ಸರ್ ಕೇಳಿದ ಮೊದಲ ಪ್ರಶ್ನೆ ಅದರ ಸ್ಯಾಂಪ್ಲಿಂಗ್ ರೇಟಂತೆ. ಒಂದು ದಿನ ಸಾಕೆಂದ ನರ್ಸಮ್ಮನಿಗೆ, "ರೋಗ ನಿನ್ನ ಡ್ಯೂಟಿ ನೋಡಿ ಬರಂಗಿಲ್ಲವ್ವಾ," ಎಂದು ಅದನ್ನು ವಾರವಿಡೀ ಇರಿಸಿಕೊಂಡರು. ವಾರದ ಕೊನೆಗೆ ಸಿಕ್ಕಿತು: ಓಡುತ್ತಿದ್ದ ಎದೆ ತಟ್ಟನೆ ನಿಂತು, ಯೋಚಿಸಿ, ಮತ್ತೆ ಹೊರಟ ಗುರುತು. ಪೇಸ್‌ಮೇಕರ್ ಹಾಕಿದರು.

ನಿವೃತ್ತಿಯಾಗಿ ಅವರು ಮಗಳ ಊರಿಗೆ ಹೊರಟ ಮುಂಜಾನೆ ಸ್ಟೇಷನ್ನಿಗೆ ಹೋಗಿದ್ದೆ. ಕಣ್ಣು ಮತ್ತೆ ಮತ್ತೆ ಅವರ ಎದೆಗೇ ಹೋಗುತ್ತಿತ್ತು.

"ಮಾರಿ ನೋಡಿ ಮಾತಾಡೋ. ಎದಿ ಕಾಯಾಕ ಒಳಗೊಬ್ಬ ಕುಂತಾನ." ರೈಲು ಹತ್ತಿ ಬಾಗಿಲಲ್ಲಿ ನಿಂತು, "ಫಿಕರಿಗೂ ಒಂದು ರೇಟ್ ಇಟ್ಕೋ. ಕ್ಷಣಕ್ಕೊಮ್ಮೆ ಮಾಡಿದ್ರ ಮೆಮೊರಿ ತುಂಬತದ," ಎಂದರು. ರೈಲು ಅಲುಗಿತು. ಅಷ್ಟರಲ್ಲಿ ನನಗೆ ಮನೆಯ ಬೀಗ ನೆನಪಾಗಿ, ರೈಲು ಹೋಗುವುದನ್ನೂ ನೋಡದೆ ಲಗುಬಗೆಯಿಂದ ಹೊರಟುಬಂದೆ.

ಹೋದ ಚಳಿಗಾಲದಲ್ಲಿ ಅವರು ಜ್ವರದಿಂದ ತೀರಿಕೊಂಡರು. ಎದೆ ಕೊನೆವರೆಗೂ ಸರಿಯಿತ್ತಂತೆ. ಸುದ್ದಿ ಬಂದ ಮರುದಿನ ಬಸ್ಸಿಳಿದವನು ಕಾರ್ಖಾನೆಗೆ ಹೋಗದೆ ಸ್ಟೇಷನ್ನಿಗೆ ಹೋದೆ. ಅದೇ ಹೊತ್ತು, ಅದೇ ರೈಲು ನಿಂತಿತ್ತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಈ ಸಲ, ಕೊನೆಯ ಡಬ್ಬಿ ಸಿಗ್ನಲ್ ದಾಟಿ ಕಾಣದಾಗುವವರೆಗೆ ನೋಡಿದೆ.