ಖಾಕಿ ತೋಳು ಒಣಗುವವರೆಗೆ

ಪೊಲೀಸರು ನಕ್ಸಲರನ್ನು ಹುಡುಕುತ್ತಿದ್ದ ವರ್ಷಗಳು. ಕೇರಳದ ಗಡಿಯ ಪೊನ್ಕುಳಿಯ ಬಳಿ ಬಸ್ಸು ತಪಾಸಣೆ ಮಾಡಿದ ಪೊಲೀಸಪ್ಪನಿಗೆ ನನ್ನ ಚೀಲದಲ್ಲೊಂದು ಪುಟ್ಟ ಬಾಟಲಿ ಸಿಕ್ಕಿತು. ಬಟ್ಟೆಯಂಚಿನ ನೂಲು ಬಿಚ್ಚದಂತೆ ಹಚ್ಚುವ ಅಂಟು ಅದು.

"ಒಂದು ಗುಟುಕು ಕುಡಿದು ತೋರಿಸಿ ಚೇಚಿ," ಅಕ್ಕನೆಂದು ಕರೆದೇ ಹೇಳಿದ. ಒಳಗಿರುವುದು ಅಪಾಯದ್ದಲ್ಲವೆಂದು ಕುಡಿದು ತೋರಿಸಬೇಕೆಂದು ನೀರಿನ ಬಾಟಲಿಗಿದ್ದ ನಿಯಮವೇ ಇದಕ್ಕೂ.

"ಕುಡಿದರೆ ನನ್ನನ್ನು ಆಸ್ಪತ್ರೆಗೆ ಹೊರಬೇಕಾಗುತ್ತೆ."

"ಹಾಗಾದರೆ ಇಳೀರಿ, ಠಾಣೆಗೆ ಹೋಗೋಣ."

ಮೂರು ಬಸ್ಸು ಬದಲಿಸಿ ಸೋತಿದ್ದ ನನಗೆ ಠಾಣೆಯ ಬೆಂಚು ಬೇಡವಾಗಿತ್ತು. ಅವನ ಅಂಗಿತೋಳಿನ ಅಂಚು ನೂಲು ಬಿಟ್ಟಿತ್ತು, ಇದು ಬರೀ ಅಂಟೆಂದು ತೋರಿಸಲು ಕೇಳದೆಯೇ ಅದಕ್ಕೆ ಹಚ್ಚಿಬಿಟ್ಟೆ. ಒಣಗಲು ಕಾಲು ಗಂಟೆ ಬೇಕು. ಇಡೀ ಬಸ್ಸು ಆ ತೋಳನ್ನೇ ನೋಡುತ್ತ ಕೂತಿತು.

"ಊದು ಮೋನೇ, ಬೇಗ ಒಣಗುತ್ತೆ," ಎಂದಳು ಪಕ್ಕದ ಸೀಟಿನ ಮುದುಕಿ, ಮಗನಿಗೆ ಹೇಳುವಂತೆ. ಅವನು ಊದಿದ.

ಕೊನೆಗೆ ನೂಲೆಳೆದು ನೋಡಿದ, ಬರಲಿಲ್ಲ. ನನ್ನನ್ನು ಬಿಟ್ಟ, ಬಾಟಲಿಯನ್ನು ಸಾಕ್ಷ್ಯವೆಂದು ಇಟ್ಟುಕೊಂಡ. ಅವನ ಇನ್ನೊಂದು ತೋಳಿನ ಅಂಚೂ ನೂಲು ಬಿಟ್ಟಿತ್ತಲ್ಲ, ನಾನು ವಾದಿಸಲಿಲ್ಲ.