ಗೇರಿಗೆ ಬಿಗಿದ ತಂತಿ

ಇವತ್ತು ಪಕ್ಕದ ಗ್ಯಾರೇಜಿನಿಂದ ಗ್ರೀಸಿನ ವಾಸನೆ ಬಂತು. ಆ ವಾಸನೆಗೆ ನನಗೆ ಇಂದಿಗೂ ಸಿಟ್ಟೇ ಬರುತ್ತದೆ.

ಸಂಡೂರಿನಲ್ಲಿ ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲವದು. ಕೆಂಪು ಧೂಳು ಕೂತು ನನ್ನ ಗೇರ್ ಸೈಕಲ್ಲಿನ ಚೈನು ಜಾರತೊಡಗಿತ್ತು. ಲಾರಿ ಓಡಿಸುತ್ತಿದ್ದ ನಮ್ಮ ಕಾಕಾ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗು ಮಾಡಿ, ಲಾರಿಗೆ ಹಚ್ಚುವ ಗ್ರೀಸನ್ನೇ ಕೈತುಂಬ ತೆಗೆದು ಬಳಿದ. ಧೂಳೆಲ್ಲ ಅದಕ್ಕೆ ಅಂಟಿ ಮುದ್ದೆಯಾಗಿ, ವಾರದೊಳಗೆ ಗೇರು ಬದಲಾಗುವುದೇ ನಿಂತಿತು. ಆಗ ಕಾಕಾ ತುಳಿಯಲು ಎಲ್ಲಕ್ಕಿಂತ ಭಾರವಾದ ಗೇರಿಗೆ ಚೈನನ್ನು ಹಾಕಿ, ಕದಲದಂತೆ ತಂತಿ ಬಿಗಿದ.

“ಹುಡ್ಗಿಗೆ ಆರು ಗೇರ್ ಯಾಕವಾ? ನನ್ ಲಾರಿಗೇ ಐದು ಅದಾವ.”

“ನಿನ್ ಲಾರಿನೂ ಒಂದ ಗೇರಿನಾಗ ಘಾಟಿ ಹತ್ಸು ಕಾಕಾ, ನೋಡ್ತೀನಿ.”

“ಬಾಯಿ ಭಾಳ ಆತು ನಿಂದು,” ಎಂದು ಅವನು ಕೈ ತೊಳೆಯಲು ಹೋದ.

ಮರುದಿನ ಶಾಲೆಯ ದಾರಿಯ ಏರಿನಲ್ಲಿ ಸೈಕಲ್ ತಳ್ಳುತ್ತಿದ್ದಾಗ, ಅವನದೇ ಲಾರಿ ನನ್ನ ಮೇಲೆ ಧೂಳೆಬ್ಬಿಸಿ ಮುಂದೆ ಹೋಯಿತು. ಸಂಜೆ ನಾನೇ ತಂತಿ ಕತ್ತರಿಸಿ, ಹಳೆಯ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಗ್ರೀಸನ್ನೆಲ್ಲ ತಿಕ್ಕಿ ತೆಗೆದೆ. ಗೇರು ಮತ್ತೆ ಬದಲಾಗತೊಡಗಿತು. ಮಾರನೆಯ ಬೆಳಿಗ್ಗೆ ಸೈಕಲ್ಲಿನಿಂದ ಇಳಿಯದೆ ಏರು ಹತ್ತಿದೆ. ಹಿಂದೆ ಕಾಕಾ ಹಾರ್ನ್ ಹೊಡೆಯುತ್ತಲೇ ಇದ್ದ. ನಾನು ಬದಿಗೆ ಸರಿಯಲಿಲ್ಲ.

ಆ ಸೈಕಲ್ ರಿಪೇರಿ ಮಾಡಿದ್ದು ತಾನೇ ಎಂದು ಕಾಕಾ ಈಗಲೂ ನೆಂಟರ ಮುಂದೆ ಹೇಳುತ್ತಾನೆ.