ಕೋರ್ಸ್ ಮುಗೀತು

ಸವದತ್ತಿಯಲ್ಲಿ ನನ್ನದು ಔಷಧಿ ಅಂಗಡಿ. ನಮ್ಮ ಕಡೆ ಕೋರ್ಸ್ ಅಂದರೆ ಐದು ದಿನದ ಗುಳಿಗೆ. "ಕೋರ್ಸ್ ಪೂರ್ತಿ ಮುಗಸ್ರಿ, ನಡುವ ಬಿಡಬ್ಯಾಡ್ರಿ" ಎಂದು ಗಿರಾಕಿಗಳನ್ನು ಬೈದು ಕಳಿಸುವವನು ನಾನು.

ತಮ್ಮನ ಆರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್ ಆಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಂದು ತಿಂಗಳು ಕಳೆದ ಮೇಲೆ ತಮ್ಮ ಫೋನ್ ಮಾಡಿದ.

"ಅಣ್ಣಾ, ಮೊದಲನೇ ಕೋರ್ಸ್ ಮುಗೀತಂತ. ರಕ್ತದಾಗ ಈಗ ಕ್ಯಾನ್ಸರ್ ಕಾಣವಲ್ದಂತ. ಮತ್ತ ಬರ್ರಿ ಅಂತಾರ."

ಗುಳಿಗೆಯ ಪಟ್ಟಿ ಕತ್ತರಿಸುತ್ತಲೇ ಹೇಳಿದೆ: "ಕೋರ್ಸ್ ಮುಗೀತಲ್ಲೋ, ಇನ್ನೇನೈತಿ? ಮತ್ತ ಬರ್ರಿ ಅನ್ನೂದು ಅವರ ಚಾಳಿ. ಮನಿಗೆ ಕರಕೊಂಡು ಬಾ."

ಬೋಳಾಗಿದ್ದ ತಲೆಯಲ್ಲಿ ಕೂದಲು ಬಂತು. ಮಗು ಅಂಗಡಿಗೆ ಬಂದು ತಲೆ ಬಗ್ಗಿಸಿ, "ಮುಟ್ಟಿ ನೋಡು ದೊಡ್ಡಪ್ಪಾ" ಎಂದಿತು. ಮುಟ್ಟಿದೆ. ಮೆತ್ತಗಿತ್ತು. ನನ್ನ ಬುದ್ಧಿಗೆ ನಾನೇ ಹಿಗ್ಗಿದೆ.

ರೋಗ ಮರಳಿ ಬಂತು. ಇನ್ನೂ ವರ್ಷಗಟ್ಟಲೆ ಔಷಧಿ ಬಾಕಿ ಇತ್ತಲ್ಲ, ಯಾಕೆ ನಿಲ್ಲಿಸಿದಿರಿ ಎಂದು ಡಾಕ್ಟರು ಕೇಳಿದರು. ತಮ್ಮ ತನ್ನ ಹೆಂಡತಿಯತ್ತ ಕೈ ತೋರಿಸಿದ. "ಮನಿಗೆ ಹೋಗೂಣು ಅಂತ ಜೀವಾ ತಿಂದಾಕಿ ಇಕಿನರೀ." ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮಗು ಉಳಿಯಲಿಲ್ಲ. ಫೋನಿನ ಮಾತು ತಮ್ಮನಿಗೂ ನೆನಪಿದೆ, ಆದರೆ ಅಣ್ಣನನ್ನು ಅನ್ನಲಾರ. ಇವತ್ತಿಗೂ ನನ್ನೆದುರಿಗೇ ಹೆಂಡತಿಯನ್ನು "ಮಗಳನ್ನ ತಿಂದಾಕಿ" ಅನ್ನುತ್ತಾನೆ. ಅವಳು ತಲೆ ತಗ್ಗಿಸಿ ನನಗೆ ಚಹಾ ತಂದಿಡುತ್ತಾಳೆ. ನಾನು ಕುಡಿಯುತ್ತೇನೆ. ಸಕ್ಕರೆ ಕಡಿಮೆಯಾದರೆ ಮಾತ್ರ ಬಾಯಿ ಬಿಡುತ್ತೇನೆ.